ಮಣ್ಣು ಮಾಡುವವರ ಭರವಸೆ

ಸತ್ತವರನ್ನು ಹೂಳುವುದಕ್ಕೆ ಕನ್ನಡದಲ್ಲಿ ‘ಮಣ್ಣು ಮಾಡುವುದು’ ಎನ್ನುತ್ತೇವೆ. ಸಾವಿನ ಮನೆಗೆ ಹೊರಟವರು ‘ಮಣ್ಣಿಗೆ ಹೋಗಿಬರುತ್ತೇವೆ’ ಎಂದು ಹೇಳಿ ಹೊರಡುತ್ತಾರೆ. ನಮಗೆ ನುಡಿಗಟ್ಟಾಗಿರುವ ಈ ಮಾತು ಅಕ್ಷರಶಃ ನಡೆದದ್ದು ಅಮೆರಿಕದ ವಾಯವ್ಯ ಮೂಲೆಯ ಕೆಂಟ್ ಎಂಬ ಊರಿನಲ್ಲಿ. ಸಿಯಾಟಲ್‌ನ ದಕ್ಷಿಣಕ್ಕೆ, ಗ್ರೀನ್ ನದಿಯ ಕಣಿವೆಯಲ್ಲಿ ಗೋದಾಮುಗಳೂ ಕಾರ್ಖಾನೆಗಳೂ ಸಾಲುಗಟ್ಟಿರುವ ಊರು ಇದು. ಅಪೋಲೊ ಯಾತ್ರಿಗಳು ಚಂದ್ರನ ಮೇಲೆ ಓಡಿಸಿದ ಗಾಡಿ ಬೋಯಿಂಗ್ ಕಂಪನಿಯ ಇಲ್ಲಿನ ಕೇಂದ್ರದಲ್ಲೇ ತಯಾರಾಗಿತ್ತು. 2020ರ ಡಿಸೆಂಬರ್‌ನಲ್ಲಿ ಇಲ್ಲಿನ ಒಂದು ಗೋದಾಮಿನೊಳಗೆ, ಕ್ಯಾಟ್ರಿನಾ ಸ್ಪೇಡ್ ಸ್ಥಾಪಿಸಿದ ‘ರೀಕಂಪೋಸ್’ ಸಂಸ್ಥೆ ಮನುಷ್ಯರ ದೇಹವನ್ನು ಗೊಬ್ಬರವಾಗಿಸುವ ಕೆಲಸ ಆರಂಭಿಸಿತು. ದೊಡ್ಡ ತೊಟ್ಟಿಯೊಳಗೆ ಮರದ ಚೂರು, ಒಣಹುಲ್ಲು, ಕುದುರೆ ಮಸಾಲೆ ಸೊಪ್ಪಿನ ನಡುವೆ ದೇಹವನ್ನಿರಿಸಿ ಗಾಳಿ ಆಡಿಸುತ್ತಿದ್ದರೆ, ಸೂಕ್ಷ್ಮಜೀವಿಗಳು ತಾವೇ ಶಾಖ ಹುಟ್ಟಿಸಿಕೊಂಡು ಕೆಲವು ವಾರಗಳಲ್ಲಿ ಅದನ್ನು ಮಣ್ಣಾಗಿಸುತ್ತವೆ. ಒಂದು ದೇಹದಿಂದ ಸುಮಾರು ಒಂದು ಘನ ಗಜ ಮಣ್ಣು. ಮನೆಯವರು ಅದನ್ನು ಕೈತೋಟಕ್ಕೆ ಒಯ್ಯಬಹುದು, ಇಲ್ಲವೇ ಕಾಡು ಬೆಳೆಸುವ ಜಾಗಕ್ಕೆ ಕೊಟ್ಟುಬಿಡಬಹುದು. ಇದಕ್ಕೆ ದಾರಿ ಮಾಡಿದ ಕಾನೂನಿಗೆ ಗವರ್ನರ್ ಜೇ ಇನ್ಸ್‌ಲೀ 2019ರ ಮೇ ತಿಂಗಳಲ್ಲಿ ಸಹಿ ಹಾಕಿದ್ದರು. ಅಮೆರಿಕದಲ್ಲಿ ಇಂಥ ಕಾನೂನು ಮಾಡಿದ ಮೊದಲ ರಾಜ್ಯ ವಾಷಿಂಗ್ಟನ್.

ಅದೇ ರಾಜ್ಯ ಅದಕ್ಕೂ ಹತ್ತು ವರ್ಷ ಮೊದಲು ಸಾಯುವ ಬಗೆಯ ಬಗ್ಗೆಯೂ ಒಂದು ಕಾನೂನು ಮಾಡಿಕೊಂಡಿತ್ತು. 2008ರ ನವೆಂಬರ್‌ನಲ್ಲಿ ನಡೆದ ಜನಮತದಲ್ಲಿ ನೂರಕ್ಕೆ ಸುಮಾರು 58 ಮಂದಿ ‘ಘನತೆಯ ಮರಣ’ ಕಾಯ್ದೆಗೆ ಹೌದು ಎಂದರು. 2009ರ ಮಾರ್ಚ್‌ನಲ್ಲಿ ಅದು ಜಾರಿಗೆ ಬಂತು. ಇನ್ನು ಆರು ತಿಂಗಳು ಬದುಕುವುದೂ ಕಷ್ಟ ಎಂದು ಇಬ್ಬರು ವೈದ್ಯಕೀಯ ಪರಿಣತರು ಹೇಳಿದ ರೋಗಿ, ಪ್ರಾಣ ತೆಗೆಯುವ ಔಷಧವನ್ನು ಬರೆಸಿಕೊಂಡು ತಾನೇ ಕುಡಿಯಬಹುದು. ಕೇಳಿಕೆಗಳ ನಡುವೆ ಮೊದಲು ಹದಿನೈದು ದಿನ ಕಾಯಬೇಕಿತ್ತು, 2023ರಲ್ಲಿ ಅದನ್ನು ಏಳು ದಿನಕ್ಕೆ ಇಳಿಸಿದರು. ಈ ಎರಡು ಕಾನೂನುಗಳಿಗೂ ರಾಜ್ಯದ ಕಥೋಲಿಕ ಧರ್ಮಸಭೆ ಬೇಡ ಎಂದಿತು, ಎರಡರಲ್ಲೂ ಸೋತಿತು. ಹೀಗೆ ಕೆಂಟ್‌ನಲ್ಲಿ ಬದುಕುವ ಕಥೋಲಿಕರ ಸುತ್ತ, ಸಾವನ್ನು ಯಾವಾಗ ಬರಮಾಡಿಕೊಳ್ಳಬೇಕು, ಸತ್ತ ದೇಹವನ್ನು ಏನು ಮಾಡಬೇಕು ಎಂಬೆರಡಕ್ಕೂ ಕಾನೂನು ಬೇರೆಯದೇ ಉತ್ತರವನ್ನು ಸಿದ್ಧವಾಗಿಟ್ಟಿದೆ. ಅದು ಸಭ್ಯರು ಕೊಡುವ, ಕರುಣೆಯಿಂದ ಕೊಡುವ ಉತ್ತರ. ಅದನ್ನು ಒಲ್ಲೆ ಎನ್ನುವವರು ಹಠಮಾರಿಗಳಾಗಿ, ಸಾವಿಗೆ ಹೆದರಿದವರಾಗಿ ಕಾಣುತ್ತಾರೆ. ನನ್ನ ವಾದ ಇದಕ್ಕೆ ಎದುರಿನದು. ಆ ಬೇಡ ಎಂಬ ಮಾತು ಹುಟ್ಟಿರುವುದು ಭರವಸೆಯಿಂದ. ಮತ್ತು ಕಥೋಲಿಕರು ಭರವಸೆ ಎಂದು ಕರೆಯುವ ವಸ್ತು ನಾವು ಸಾಮಾನ್ಯವಾಗಿ ತಿಳಿಯುವುದಕ್ಕಿಂತ ಕಷ್ಟದ್ದು, ಮೈಗೆ ಹತ್ತಿರವಾದದ್ದು.

ಈ ವಿಷಯದಲ್ಲಿ ಕನ್ನಡ ನಮ್ಮ ಕೈ ಹಿಡಿಯುತ್ತದೆ. ‘ಒಳ್ಳೆಯದಾಗುತ್ತದೆಂಬ ಭರವಸೆ ಇದೆ’ ಎನ್ನುತ್ತೇವೆ. ‘ಅವನ ಮೇಲೆ ನನಗೆ ಭರವಸೆ ಇದೆ’ ಎಂದೂ ಹೇಳುತ್ತೇವೆ. ಮುಂದಿನದರ ನಿರೀಕ್ಷೆಗೂ ಒಬ್ಬ ವ್ಯಕ್ತಿಯ ಮೇಲಿನ ವಿಶ್ವಾಸಕ್ಕೂ ಇಲ್ಲಿ ಒಂದೇ ಪದ. ಸಾವಿನ ಹಾಸಿಗೆಯ ಬಳಿ ಈ ಎರಡರ್ಥಗಳಲ್ಲಿ ಮೊದಲನೆಯದು ಬೇಗ ಮುಗಿದುಹೋಗುತ್ತದೆ. ಗುಣವಾಗುತ್ತೀರಿ ಎಂದು ಹೇಳುವವರ ದನಿಯೇ ಒಂದು ಹಂತದಲ್ಲಿ ಉಡುಗುತ್ತದೆ. ಆಗ ಉಳಿಯುವುದು ಎರಡನೆಯ ಅರ್ಥ: ಯಾರ ಕೈಗೆ ನನ್ನನ್ನು ಒಪ್ಪಿಸುತ್ತಿದ್ದೇನೆ?

ಷಿಕಾಗೊದ ಕಾರ್ಡಿನಲ್ ಜೋಸೆಫ್ ಬರ್ನಾರ್ಡಿನ್ ಅವರ ಕೊನೆಯ ತಿಂಗಳುಗಳು ಈ ಪ್ರಶ್ನೆಯ ಸುತ್ತಲೇ ಕಳೆದವು. 1995ರಲ್ಲಿ ಅವರಿಗೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಕಾಣಿಸಿತು. 1996ರ ಆಗಸ್ಟ್‌ನಲ್ಲಿ ಅದು ಯಕೃತ್ತಿಗೆ ಹರಡಿರುವುದನ್ನು ಅವರೇ ಜನರೆದುರು ಹೇಳಿದರು. ಸಾವನ್ನು ಶತ್ರುವಿನಂತೆ ಕಾಣಬೇಡ, ಗೆಳೆಯನಂತೆ ಕಾಣು ಎಂದು ಅವರಿಗೆ ಹೇಳಿಕೊಟ್ಟವರು ಡಚ್ ಗುರು ಹೆನ್ರಿ ನೌವೆನ್. ಈ ನೌವೆನ್‌ಗೆ ಸರ್ಕಸ್ಸಿನ ಜೋಕಾಲಿಯಾಟಗಾರರ ತಂಡವೊಂದರ ಗೆಳೆತನವಿತ್ತು. ಅವರಿಂದ ಕಲಿತದ್ದನ್ನು ಅವರು ಮತ್ತೆ ಮತ್ತೆ ಹೇಳುತ್ತಿದ್ದರು. ಹಾರುವವನು ಜೋಕಾಲಿಯನ್ನು ಬಿಟ್ಟ ಮೇಲೆ ಮಾಡಬೇಕಾದದ್ದು ಏನೂ ಇಲ್ಲ. ಎರಡೂ ಕೈ ಚಾಚಿ ಸುಮ್ಮನಿರಬೇಕು. ಎದುರಿಗಿರುವವನು ಹಿಡಿಯುತ್ತಾನೆ. ಹಾರುವವನೇ ಹಿಡಿಯಲು ಹೋದರೆ ಇಬ್ಬರಲ್ಲೊಬ್ಬರ ಮಣಿಕಟ್ಟು ಮುರಿಯಬಹುದು. ಸಾಯುವವನು ಮಾಡಬೇಕಾದದ್ದೂ ಇಷ್ಟೇ ಎಂದು ಅವರ ನಂಬಿಕೆ. 1996ರ ಸೆಪ್ಟೆಂಬರ್‌ನಲ್ಲಿ ಆ ನೌವೆನ್ನೇ ಮೊದಲು ತೀರಿಕೊಂಡರು. ನವೆಂಬರ್ 14ರಂದು ಬರ್ನಾರ್ಡಿನ್ ಹೋದರು. ಹೋಗುವುದಕ್ಕೆ ಕೆಲವೇ ದಿನ ಮುಂಚೆ, ಮಲಗಿದಲ್ಲಿಂದಲೇ, ಅಮೆರಿಕದ ಸುಪ್ರೀಂ ಕೋರ್ಟಿಗೆ ಒಂದು ಪತ್ರ ಬರೆದಿದ್ದರು. ವೈದ್ಯರ ನೆರವಿನಿಂದ ಸಾಯುವುದು ಸಂವಿಧಾನದತ್ತ ಹಕ್ಕೇ ಎಂದು ಕೇಳುವ ಎರಡು ಮೊಕದ್ದಮೆಗಳು ಆಗ ಕೋರ್ಟಿನ ಮುಂದಿದ್ದವು. ಅದರಲ್ಲಿ ಒಂದು ವಾಷಿಂಗ್ಟನ್ ರಾಜ್ಯದ್ದೇ. ಸಿಯಾಟಲ್‌ನ ವೈದ್ಯ ಹೆರಾಲ್ಡ್ ಗ್ಲಕ್ಸ್‌ಬರ್ಗ್ ಅದರ ಅರ್ಜಿದಾರರಲ್ಲಿ ಒಬ್ಬರು. ತಾನೂ ಸಾಯುತ್ತಿರುವವನೇ ಎಂಬ ನೆಲೆಯಿಂದ ಕಾರ್ಡಿನಲ್ ಆ ಹಕ್ಕನ್ನು ಮಾನ್ಯ ಮಾಡಬೇಡಿ ಎಂದು ಕೇಳಿಕೊಂಡರು. 1997ರ ಜೂನ್‌ನಲ್ಲಿ ಒಂಬತ್ತೂ ನ್ಯಾಯಮೂರ್ತಿಗಳು ಅಂಥ ಹಕ್ಕು ಸಂವಿಧಾನದಲ್ಲಿಲ್ಲ ಎಂದರು, ಆದರೆ ತೀರ್ಮಾನವನ್ನು ರಾಜ್ಯಗಳಿಗೇ ಬಿಟ್ಟರು. ಹನ್ನೊಂದು ವರ್ಷದ ನಂತರ ವಾಷಿಂಗ್ಟನ್ ತನ್ನ ತೀರ್ಮಾನ ಮಾಡಿತು.

ಆ 2008ರ ಜನಮತದ ಮುಂದಾಳು ಮಾಜಿ ಗವರ್ನರ್ ಬೂತ್ ಗಾರ್ಡ್ನರ್. ಎರಡು ಅವಧಿಗೆ ರಾಜ್ಯ ಆಳಿದ, ಜನರಿಗೆ ಪ್ರಿಯರಾಗಿದ್ದ ಮನುಷ್ಯ. ಪಾರ್ಕಿನ್ಸನ್ ರೋಗ ಅವರ ನಡಿಗೆಯನ್ನೂ ಮಾತನ್ನೂ ಕಸಿಯುತ್ತಾ ಬಂದಿತ್ತು. ಅದಕ್ಕೆ ಮೂರು ವರ್ಷ ಮೊದಲು, ಅದೇ ರೋಗದಿಂದ ಬಳಲಿದ ಇನ್ನೊಬ್ಬರ ಸಾವನ್ನು ಇಡೀ ಜಗತ್ತು ನೋಡಿತ್ತು. 2005ರ ಪುನರುತ್ಥಾನದ ಭಾನುವಾರ ಜಗದ್ಗುರು ಎರಡನೆಯ ಜಾನ್ ಪಾಲ್ ರೋಮ್‌ನಲ್ಲಿ ಕಿಟಕಿಗೆ ಬಂದು ಆಶೀರ್ವಚನ ಹೇಳಲು ಯತ್ನಿಸಿದರು, ಮಾತು ಹೊರಡಲಿಲ್ಲ. ಮೂಕರಾಗಿ ಕೈಯಿಂದ ಶಿಲುಬೆಯ ಗುರುತು ಮಾಡಿ ಹಿಂದಕ್ಕೆ ಸರಿದರು. ಆರು ದಿನಗಳ ನಂತರ, ಮತ್ತೆ ಆಸ್ಪತ್ರೆಗೆ ಹೋಗದೆ, ತಮ್ಮ ಕೋಣೆಯಲ್ಲೇ ಪ್ರಾಣ ಬಿಟ್ಟರು. ಇಬ್ಬರನ್ನೂ ತೂಗಿ ಒಬ್ಬರು ಧೀರರು, ಇನ್ನೊಬ್ಬರು ಹೇಡಿ ಎಂದು ಹೇಳುವುದು ಅನ್ಯಾಯ. ಗಾರ್ಡ್ನರ್‌ಗೆ ಧೈರ್ಯದ ಕೊರತೆ ಇರಲಿಲ್ಲ. ತಾವು ಗೆಲ್ಲಿಸಿದ ಕಾನೂನು ತಮಗೇ ಅನ್ವಯಿಸದೆಂದು ತಿಳಿದೂ ಹೋರಾಡಿದವರು ಅವರು, ಏಕೆಂದರೆ ಪಾರ್ಕಿನ್ಸನ್ ಆರು ತಿಂಗಳ ಲೆಕ್ಕಕ್ಕೆ ಸಿಗುವ ರೋಗವಲ್ಲ. 2013ರ ಮಾರ್ಚ್‌ನಲ್ಲಿ ಅದೇ ರೋಗದ ತೊಡಕುಗಳಿಂದ ತೀರಿಕೊಂಡರು. ವ್ಯತ್ಯಾಸ ಇರುವುದು ಧೈರ್ಯದಲ್ಲಿ ಅಲ್ಲ, ಘನತೆಯ ಕಲ್ಪನೆಯಲ್ಲಿ. ನನ್ನ ಬದುಕಿನ ತೀರ್ಮಾನಗಳೆಲ್ಲ ನನ್ನವೇ ಆಗಿದ್ದವು, ಕೊನೆಯದೂ ನನ್ನದೇ ಆಗಿರಲಿ ಎಂಬುದು ಗಾರ್ಡ್ನರ್ ಅವರ ನಿಲುವು. ಮಾತು ಹೋದ ಮುದುಕನನ್ನು ಲಕ್ಷಾಂತರ ಜನ ನೋಡಲಿ ಎಂದು ಕಿಟಕಿ ತೆರೆಸಿದವರ ನಿಲುವಿನಲ್ಲಿ, ಇನ್ನೊಬ್ಬರ ಆಸರೆಗೆ ಬಿದ್ದವನ ಘನತೆ ಒಂದು ಕೂದಲಷ್ಟೂ ಕಡಿಮೆಯಾಗುವುದಿಲ್ಲ.

ಈ ಭೇದ ಬರೀ ತತ್ವದ್ದಲ್ಲ ಎನ್ನುವುದಕ್ಕೆ ಕಾನೂನಿನ ದಾಖಲೆಗಳೇ ಸಾಕ್ಷಿ. ವಾಷಿಂಗ್ಟನ್ನಿನಲ್ಲೂ ನೆರೆಯ ಆರೆಗನ್ನಿನಲ್ಲೂ ಈ ಔಷಧ ಪಡೆದವರು ಯಾತಕ್ಕಾಗಿ ಪಡೆದರು ಎಂಬುದನ್ನು ಆರೋಗ್ಯ ಇಲಾಖೆಗಳು ವರದಿ ಮಾಡುತ್ತಾ ಬಂದಿವೆ. ಸಹಿಸಲಾಗದ ನೋವು ಪಟ್ಟಿಯ ಮೇಲ್ಭಾಗದಲ್ಲಿಲ್ಲ. ಸ್ವಾತಂತ್ರ್ಯ ಕಳೆದುಕೊಳ್ಳುವ ಚಿಂತೆ, ಇಷ್ಟದ ಕೆಲಸಗಳನ್ನು ಮಾಡಲಾಗದ ಸಂಕಟ, ಘನತೆ ಹೋಗುವ ಭಯ ಇವೇ ಮೇಲೆ ನಿಲ್ಲುತ್ತವೆ. ಮನೆಯವರಿಗೆ ಹೊರೆಯಾಗುತ್ತೇನೆ ಎಂಬ ಮಾತನ್ನೂ ಬಹಳ ಮಂದಿ ಹೇಳಿದ್ದಾರೆ. ಇದು ಅಮೆರಿಕದವರ ರೋಗ ಎಂದು ನಾವು ಬೀಗುವಂತಿಲ್ಲ. ‘ಹಾಸಿಗೆ ಹಿಡಿಯಬಾರದು, ಕೈಕಾಲು ಗಟ್ಟಿ ಇರುವಾಗಲೇ ಹೋಗಿಬಿಡಬೇಕು’ ಎಂದು ನಮ್ಮ ಹಿರಿಯರೂ ಹೇಳುತ್ತಾರೆ. ‘ಅನಾಯಾಸ ಮರಣ’ ನಮ್ಮಲ್ಲಿ ದೇವರೆದುರು ಬೇಡಿಕೊಳ್ಳುವ ವರ. ಆದರೆ ಕಥೋಲಿಕರ ಹಳೆಯ ಪ್ರಾರ್ಥನಾಮಾಲೆಯಲ್ಲಿ ಇದಕ್ಕೆ ತದ್ವಿರುದ್ಧವಾದ ಒಂದು ಕೋರಿಕೆಯಿದೆ. ದಿಢೀರನೆ, ಸಿದ್ಧತೆಯಿಲ್ಲದೆ ಬರುವ ಸಾವಿನಿಂದ ನಮ್ಮನ್ನು ಪಾರುಮಾಡು ಎಂದು ಅವರು ಶತಮಾನಗಳಿಂದ ಬೇಡುತ್ತಾ ಬಂದಿದ್ದಾರೆ. ಕ್ಷಮೆ ಕೇಳಲು, ಕ್ಷಮಿಸಲು, ಪಾಪನಿವೇದನೆ ಮಾಡಲು, ಋಣ ತೀರಿಸಲು ವ್ಯವಧಾನ ಬೇಕು ಎಂಬುದು ಅದರ ಅರ್ಥ. ಸಾಯುತ್ತಿರುವವರಿಗೆ ಕೊಡುವ ಪರಮಪ್ರಸಾದಕ್ಕೆ ಲ್ಯಾಟಿನ್ನಿನಲ್ಲಿರುವ ಹೆಸರಿನ ಅರ್ಥ ದಾರಿಯ ಬುತ್ತಿ. ಬುತ್ತಿ ಕಟ್ಟುವುದಕ್ಕೆ ಸ್ವಲ್ಪ ಹೊತ್ತು ಹಿಡಿಯುತ್ತದೆ, ಮತ್ತು ಅದನ್ನು ಬೇರೆಯವರು ಕಟ್ಟಿಕೊಡಬೇಕು.

ಇಲ್ಲಿ ಬರುವ ಮೊದಲ ಆಕ್ಷೇಪ ಗಟ್ಟಿಯಾದದ್ದು. ಇದೆಲ್ಲ ನೋವನ್ನು ಪೂಜಿಸುವುದಲ್ಲವೇ? ಶಿಲುಬೆಯ ಹೆಸರಿನಲ್ಲಿ ರೋಗಿಯನ್ನು ನರಳಲು ಬಿಡುವುದಲ್ಲವೇ? ಧರ್ಮಸಭೆಯ ಬೋಧನೆಯಲ್ಲಿ ಇದಕ್ಕೆ ಸ್ಪಷ್ಟ ಉತ್ತರವಿದೆ, ಆದರೆ ಕಥೋಲಿಕರಲ್ಲೇ ಅನೇಕರಿಗೆ ಅದು ಗೊತ್ತಿಲ್ಲ. ನೋವು ತಗ್ಗಿಸುವ ಔಷಧದಿಂದ ಆಯುಸ್ಸು ಸ್ವಲ್ಪ ಕುಗ್ಗಬಹುದಾದರೂ, ಉದ್ದೇಶ ನೋವು ಶಮನವೇ ಆಗಿದ್ದರೆ ಅದನ್ನು ಕೊಡಬಹುದು ಎಂದು ಜಗದ್ಗುರು ಹನ್ನೆರಡನೆಯ ಪಯಸ್ 1957ರಲ್ಲೇ ವೈದ್ಯರಿಗೆ ಹೇಳಿದ್ದರು. ಅದೇ ವರ್ಷ, ರೋಗಿಗೆ ಅತಿ ಭಾರವಾಗುವ ಅಸಾಧಾರಣ ಚಿಕಿತ್ಸೆಯನ್ನು ಮುಂದುವರಿಸಲೇಬೇಕೆಂಬ ಕಟ್ಟಳೆಯಿಲ್ಲ ಎಂದೂ ಹೇಳಿದರು. 1980ರ ರೋಮ್‌ನ ಘೋಷಣೆ, 2020ರ ಪತ್ರ ಎರಡೂ ಇದನ್ನೇ ಮತ್ತೆ ಹೇಳಿವೆ. ನಮ್ಮ ಸುಪ್ರೀಂ ಕೋರ್ಟಿನ 2018ರ ತೀರ್ಪನ್ನು ಅನುಸರಿಸಿ ಕರ್ನಾಟಕ ಸರ್ಕಾರ 2025ರ ಜನವರಿ 30ರಂದು ಹೊರಡಿಸಿದ ಸುತ್ತೋಲೆಯೂ ಚೇತರಿಕೆಯ ದಾರಿಯೇ ಇಲ್ಲದ ರೋಗಿಯಿಂದ ಜೀವರಕ್ಷಕ ಯಂತ್ರಗಳನ್ನು ಹಿಂತೆಗೆಯುವ ಕ್ರಮವನ್ನು ಕುರಿತದ್ದು. ವಿಷ ಬರೆದುಕೊಡುವ ಮಾತು ಅದರಲ್ಲಿಲ್ಲ. ಅದರ ವಿವರಗಳಲ್ಲಿ, ವಿಶೇಷವಾಗಿ ಕೊಳವೆಯ ಮೂಲಕ ಕೊಡುವ ಆಹಾರ ನೀರಿನ ವಿಷಯದಲ್ಲಿ, ಕಥೋಲಿಕರಿಗೆ ಚರ್ಚಿಸಬೇಕಾದ್ದು ಉಂಟು. ಆದರೆ ಸಾವು ಬರುವುದಕ್ಕೆ ಅಡ್ಡ ನಿಲ್ಲದಿರುವುದು ಬೇರೆ, ಸಾವನ್ನು ಕೈಯಾರೆ ತರುವುದು ಬೇರೆ ಎಂಬ ಗೆರೆಯಲ್ಲಿ ಇಬ್ಬರೂ ಒಂದೇ ಕಡೆ ನಿಂತಿದ್ದಾರೆ. ಜೋಕಾಲಿ ಬಿಡುವುದೆಂದರೆ ಯಂತ್ರಗಳಿಗೆ ಜೋತುಬೀಳದಿರುವುದೂ ಹೌದು.

ಅಷ್ಟು ಹೇಳಿಯೂ ಆಕ್ಷೇಪದ ಮುಳ್ಳು ಪೂರ್ತಿ ಹೋಗುವುದಿಲ್ಲ, ಹೋಗಬಾರದು. ಔಷಧದ ಬಾಟಲಿ ಬೇಡ ಎನ್ನುವವರು ರಾತ್ರಿ ಎರಡು ಗಂಟೆಗೆ ಮಗ್ಗುಲು ಬದಲಿಸಲು ಬರದಿದ್ದರೆ ಆ ಬೇಡಕ್ಕೆ ಬೆಲೆಯಿಲ್ಲ. ವಾಷಿಂಗ್ಟನ್ ನಾಡಿನ ಕಥೋಲಿಕ ಆಸ್ಪತ್ರೆಗಳ ಚರಿತ್ರೆ ಶುರುವಾದದ್ದೇ ಈ ಅರಿವಿನಿಂದ. 1856ರ ಡಿಸೆಂಬರ್ 8ರಂದು ಕೆನಡಾದಿಂದ ನಾಲ್ವರು ಕನ್ಯಾಸ್ತ್ರೀಯರೊಡನೆ ಬಂದಿಳಿದ ಮದರ್ ಜೋಸೆಫ್, 1858ರಲ್ಲಿ ಆ ನಾಡಿನದೇ ವ್ಯಾಂಕೂವರ್ ಎಂಬ ಊರಲ್ಲಿ ಆಸ್ಪತ್ರೆ ತೆರೆದರು. ಬಡಗಿಯ ಕೆಲಸ ಬಲ್ಲ ಆಕೆ ಕಟ್ಟಡಗಳ ನಕ್ಷೆಯನ್ನು ತಾವೇ ಹಾಕುತ್ತಿದ್ದರು, ಗಣಿಗಳ ಬಿಡಾರಗಳಿಗೆ ಕುದುರೆಯೇರಿ ಹೋಗಿ ಭಿಕ್ಷೆ ಎತ್ತುತ್ತಿದ್ದರು. ನಮ್ಮ ಕಡೆ 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಆರಂಭಿಸಿದ ಔಷಧಾಲಯವೂ ಇದೇ ಜಾತಿಯದು. ಊರು ಹೊರಗಿಟ್ಟ ಕುಷ್ಠರೋಗಿಗಳಿಗೆ ಅದು ನೆರಳಾಯಿತು. ದೇವರ ಕೈ ಹಿಡಿಯುತ್ತದೆಂದು ಸಾಯುವವನು ನಂಬಬೇಕಾದರೆ, ಅದಕ್ಕೆ ಮೊದಲು ಒಂದು ಮನುಷ್ಯ ಕೈ ಅವನನ್ನು ಹಿಡಿದಿರಬೇಕು. ಇಂದಿನ ಕಥೋಲಿಕ ಧರ್ಮಕೇಂದ್ರಗಳು ಕೆಂಟ್‌ನಲ್ಲಾಗಲಿ ಬೆಂಗಳೂರಿನಲ್ಲಾಗಲಿ ಜನಮತದ ವೇಳೆ ತೋರುವ ಹುರುಪನ್ನು ಉಪಶಮನ ಆರೈಕೆಗೆ ತೋರುತ್ತಿವೆಯೇ ಎಂದು ಕೇಳಿದರೆ, ತೋರುತ್ತಿಲ್ಲ ಎಂಬುದೇ ನನ್ನ ಉತ್ತರ. ಇದು ವಾದವನ್ನು ಸುಳ್ಳಾಗಿಸುವುದಿಲ್ಲ, ವಾದಿಸುವವರನ್ನು ನಾಚಿಸುತ್ತದೆ.

ಕನ್ನಡದ ಓದುಗರು ಎತ್ತಬಹುದಾದ ಇನ್ನೊಂದು ಪ್ರಶ್ನೆ ಜೈನರ ಸಲ್ಲೇಖನದ್ದು. ಶ್ರವಣಬೆಳಗೊಳದ ಚಂದ್ರಗಿರಿಯ ಬಂಡೆಗಳ ಮೇಲೆ, ಆಹಾರ ತ್ಯಜಿಸಿ ದೇಹ ಬಿಟ್ಟ ಮುನಿಗಳ, ಗೃಹಸ್ಥರ ಹೆಸರುಗಳು ಸಾವಿರದ ನಾನೂರು ವರ್ಷಗಳ ಹಿಂದಿನಿಂದ ಕೊರೆದುಕೊಂಡು ಬಂದಿವೆ. 2015ರ ಆಗಸ್ಟ್‌ನಲ್ಲಿ ರಾಜಸ್ಥಾನ ಹೈಕೋರ್ಟ್ ಈ ವ್ರತವನ್ನು ಆತ್ಮಹತ್ಯೆಗೆ ಸಮ ಎಂದಾಗ, ಅದೇ ತಿಂಗಳು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಸ್ವತಃ ಆರಿಸಿಕೊಂಡ ಸಾವು ಪವಿತ್ರವಾಗಬಲ್ಲದು ಎಂದು ನಮ್ಮ ನೆಲವೇ ಹೇಳುತ್ತಿಲ್ಲವೇ? ನನಗೆ ಅನಿಸುವುದು, ಸಲ್ಲೇಖನಕ್ಕೂ ವಾಷಿಂಗ್ಟನ್ನಿನ ಔಷಧಕ್ಕೂ ಇರುವ ದೂರ, ಸಲ್ಲೇಖನಕ್ಕೂ ಕಥೋಲಿಕರ ಮರಣಸಿದ್ಧತೆಗೂ ಇರುವ ದೂರಕ್ಕಿಂತ ಹೆಚ್ಚು. ಗುರುವಿನ ಅನುಮತಿ, ಮನದ ವಿಕಾರಗಳಾದ ಕಷಾಯಗಳನ್ನು ಕಳೆದುಕೊಳ್ಳುವ ದೀರ್ಘ ಸಾಧನೆ, ಸುತ್ತ ಕುಳಿತ ಸಮುದಾಯ, ಎಲ್ಲರಲ್ಲೂ ಕ್ಷಮೆ ಬೇಡುವುದು: ಇವು ‘ನನ್ನಿಷ್ಟ’ ಎಂಬ ಮಾತಿನಿಂದ ಹುಟ್ಟುವಂಥವಲ್ಲ. ಆದರೂ ಎರಡು ದಾರಿಗಳು ಒಂದು ಜಾಗದಲ್ಲಿ ಕವಲೊಡೆಯುತ್ತವೆ. ಜೈನನಿಗೆ ದೇಹ ಕಳಚಬೇಕಾದ ಬಂಧ. ಕಥೋಲಿಕನಿಗೆ ದೇಹ ಮತ್ತೆ ಎದ್ದುಬರಬೇಕಾದ ಗೆಳೆಯ. ಅವನ ವಿಶ್ವಾಸಪ್ರಮಾಣ ಆತ್ಮದ ಅಮರತ್ವಕ್ಕೆ ನಿಲ್ಲದೆ ಶರೀರದ ಪುನರುತ್ಥಾನವನ್ನು ಹೆಸರಿಸುತ್ತದೆ.

ಅದರಿಂದಲೇ ಕೆಂಟ್‌ನ ಗೋದಾಮಿಗೆ ಮರಳಬೇಕಾಗಿದೆ. ‘ಮಣ್ಣಿನಿಂದ ಬಂದವನು ಮಣ್ಣಿಗೇ ಸೇರುತ್ತೀಯೆ’ ಎಂದು ವಿಭೂತಿ ಬುಧವಾರ ಹಣೆಗೆ ಬೂದಿ ಹಚ್ಚುವವರೇ, ದೇಹವನ್ನು ಮಣ್ಣಾಗಿಸುವುದಕ್ಕೆ ಯಾಕೆ ಬೇಡ ಎನ್ನುತ್ತಾರೆ? ದಹನಕ್ಕೂ ಅವರು ಬಹುಕಾಲ ಬೇಡ ಎಂದೇ ಹೇಳಿದ್ದರು. 1963ರಲ್ಲಿ ಒಪ್ಪಿದರು, 2016ರಲ್ಲಿ ಚಿತಾಭಸ್ಮವನ್ನು ಚೆಲ್ಲಬಾರದು, ಪವಿತ್ರ ಸ್ಥಳದಲ್ಲಿಡಬೇಕು ಎಂದು ವಿಧಿಸಿದರು. ದೇಹ ಬೂದಿಯೋ ಮಣ್ಣೋ ಆದರೆ ದೇವರಿಗೆ ಎಬ್ಬಿಸುವುದು ಕಷ್ಟವಾಗುತ್ತದೆ ಎಂಬ ಭಯ ಇದಕ್ಕೆ ಕಾರಣವಲ್ಲ. ಕ್ರಿಸ್ತಶಕ 177ರಲ್ಲಿ ಲಿಯೋನ್ ನಗರದಲ್ಲಿ ರಕ್ತಸಾಕ್ಷಿಗಳ ದೇಹಗಳನ್ನು ಸುಟ್ಟು, ಇವರು ಹೇಗೆ ಏಳುತ್ತಾರೋ ನೋಡೋಣ ಎಂದು ಬೂದಿಯನ್ನು ರೋನ್ ನದಿಗೆ ಎಸೆದಾಗಲೂ ಅಲ್ಲಿನ ಕ್ರೈಸ್ತರ ಭರವಸೆ ಅಲ್ಲಾಡಲಿಲ್ಲ. ಅಮೆರಿಕದ ಧರ್ಮಾಧ್ಯಕ್ಷರ ಬೋಧನಾ ಸಮಿತಿ 2023ರ ಮಾರ್ಚ್‌ನಲ್ಲಿ ಗೊಬ್ಬರ ವಿಧಾನವನ್ನು ಒಪ್ಪದಿದ್ದುದಕ್ಕೆ ಕೊಟ್ಟ ಕಾರಣ ಬೇರೆ: ಕೊನೆಗೆ ಉಳಿಯುವುದು ಗಿಡಗಳ ಚೂರಿನೊಡನೆ ಬೆರೆತ ಮಣ್ಣು, ಇದು ಇಂಥವರ ದೇಹ ಎಂದು ಗುರುತಿಸಿ ಗೌರವದಿಂದ ಇರಿಸುವುದಕ್ಕೆ ಏನೂ ಉಳಿಯುವುದಿಲ್ಲ. ಒಪ್ಪಿಕೊಳ್ಳುತ್ತೇನೆ, ಈ ವಾದ ನೆರವಿನ ಸಾವಿನ ವಿರುದ್ಧದ ವಾದದಷ್ಟು ಬಿಗಿಯಾಗಿಲ್ಲ. ಹಳೆಯ ಸಮಾಧಿಗಳಲ್ಲೂ ಕೊನೆಗೆ ಬರೀ ಮಣ್ಣೇ ಇರುತ್ತದೆ. ದಹನದ ವಿಷಯದಲ್ಲಿ ಸಡಿಲಿಸಿದವರು ಮುಂದೊಂದು ದಿನ ಇದರಲ್ಲೂ ಸಡಿಲಿಸಬಹುದು. ಆದರೂ ಅದರೊಳಗೊಂದು ತಿರುಳಿದೆ. ಗೊಬ್ಬರಕ್ಕೆ ಒಂದು ಉಪಯೋಗವಿದೆ. ಸಮಾಧಿಗೆ ಯಾವ ಉಪಯೋಗವೂ ಇಲ್ಲ, ಅದು ಕಾಯುವ ಜಾಗ. ಸತ್ತ ಮೇಲಾದರೂ ಉಪಕಾರಕ್ಕೆ ಬರುತ್ತೇನೆ ಎಂಬ ಮಾತಿನ ಒಳಗೆ, ಹೊರೆಯಾಗಬಾರದು ಎಂಬ ಅದೇ ಹಳೆಯ ಅಳುಕು ಅಡಗಿರಬಹುದು. ಉಪಯೋಗವಿಲ್ಲದ ದೇಹಕ್ಕೂ ಆರಡಿ ನೆಲ, ಒಂದು ಹೆಸರು, ಸತ್ತವರನ್ನು ಸ್ಮರಿಸುವ ನವೆಂಬರ್ 2ರಂದು ಒಂದು ಮೇಣದಬತ್ತಿ ಸಲ್ಲಬೇಕು ಎನ್ನುವುದು ಆ ಅಳುಕಿಗೆ ಕೊಡುವ ಉತ್ತರ.

ಇದೆಲ್ಲ ಹೆದರಿದವರ ಸಮಾಧಾನ, ಮಕ್ಕಳ ಕತೆ ಎನ್ನುವವರು ಉಳಿದಿದ್ದಾರೆ. ಭರವಸೆ ಒಂದು ನೆಮ್ಮದಿಯ ಭಾವನೆಯಾಗಿದ್ದರೆ ಅವರ ಮಾತು ಸರಿ. ಆದರೆ ಫ್ರಾನ್ಸಿನ ಕನ್ಯಾಸ್ತ್ರೀ, ಸಂತ ಲಿಸಿಯದ ತೆರೇಸಾಳನ್ನು ನೋಡಬೇಕು. ಕ್ಷಯದಿಂದ ನರಳಿ 1897ರ ಸೆಪ್ಟೆಂಬರ್ 30ರಂದು ತೀರಿಕೊಂಡಾಗ ಆಕೆಗೆ ವಯಸ್ಸು 24. ಕೊನೆಯ ಹದಿನೆಂಟು ತಿಂಗಳು ಸ್ವರ್ಗದ ಮೇಲಿನ ವಿಶ್ವಾಸದ ಬೆಳಕೇ ಆಕೆಗೆ ಆರಿಹೋಗಿತ್ತು. ಸತ್ತ ಮೇಲೆ ಏನೂ ಇಲ್ಲ ಎಂಬ ದನಿ ಒಳಗಿನಿಂದಲೇ ಅಣಕಿಸುತ್ತಿತ್ತು. ವಿಪರೀತ ನೋವಿನ ರೋಗಿಗಳ ಹತ್ತಿರ ವಿಷದಂಥ ಔಷಧ ಇಡಬೇಡಿ ಎಂದು ಶುಶ್ರೂಷೆ ಮಾಡುವವರಿಗೆ ಎಚ್ಚರಿಸಿದವಳೂ ಅವಳೇ, ಆ ಸೆಳೆತದ ಬಲ ಆಕೆಗೆ ಗೊತ್ತಿತ್ತು. ಆಕೆಗೆ ನೆಮ್ಮದಿ ಇರಲಿಲ್ಲ. ಏನೂ ಕಾಣದ ಕತ್ತಲಲ್ಲಿ ಕೈ ಚಾಚಿಯೇ ಇದ್ದಳು, ಅಷ್ಟೆ. ಕೆಂಟ್‌ನ ಪಕ್ಕದ ಫೆಡರಲ್ ವೇಯಲ್ಲಿರುವ ಕಥೋಲಿಕ ಸಮಾಧಿಸ್ಥಳಕ್ಕೆ ಗೆತ್ಸೆಮನೆ ಎಂದು ಹೆಸರಿಟ್ಟಿದ್ದಾರೆ. ಈ ಪಾತ್ರೆ ನನ್ನಿಂದ ದೂರವಾಗಲಿ ಎಂದು ಯೇಸು ಬೆವರಿ ಬೇಡಿಕೊಂಡ ತೋಟದ ಹೆಸರದು. ಭಯವಿಲ್ಲದವರ ಹೆಸರನ್ನು ಅವರು ಹುಡುಕಿಕೊಂಡು ಹೋಗಲಿಲ್ಲ.

ಕೆಂಟ್‌ನಲ್ಲೇ ಸಂತ ಪ್ಯಾಟ್ರಿಕರ ಹೆಸರಿನ ಇನ್ನೊಂದು ಕಥೋಲಿಕ ಸಮಾಧಿಭೂಮಿಯಿದೆ. ದೂರದಿಂದ ವಲಸೆ ಬಂದವರು ಇಂಥ ನೆಲದ ಮುಂದೆ ನಿಂತಾಗ ಏಳುವ ಪ್ರಶ್ನೆ ದೇವತಾಶಾಸ್ತ್ರದ್ದಲ್ಲ: ಅಪ್ಪ ಅಮ್ಮ ಮಲಗಿರುವ ಮಂಗಳೂರಿನ, ಮೈಸೂರಿನ ಮಣ್ಣು ಬಿಟ್ಟು ಈ ಮಳೆಯ ನಾಡಿನಲ್ಲಿ ಮಲಗುವುದೇ? ದೇಹವನ್ನು ವಿಮಾನದಲ್ಲಿ ಊರಿಗೆ ಕಳಿಸುವ ಮನೆತನಗಳಿವೆ, ಅದರಲ್ಲಿ ತಪ್ಪೇನೂ ಇಲ್ಲ. ಈ ಪ್ರಶ್ನೆಯನ್ನು ಬಹಳ ಹಿಂದೆ ಎದುರಿಸಿದವಳು ಉತ್ತರ ಆಫ್ರಿಕದ ಮೋನಿಕಾ, ಸಂತ ಅಗಸ್ಟೀನರ ತಾಯಿ. ಊರಿನಲ್ಲಿ ಗಂಡನ ಪಕ್ಕದಲ್ಲೇ ತನಗೂ ಒಂದು ಗುಂಡಿ ಎಂದು ಆಕೆ ಎಷ್ಟೋ ವರ್ಷ ಮೊದಲೇ ಗೊತ್ತುಮಾಡಿಕೊಂಡಿದ್ದಳು. 387ರಲ್ಲಿ, ಊರಿಗೆ ಮರಳಲು ಹಡಗು ಕಾಯುತ್ತಾ, ರೋಮ್ ಬಳಿಯ ಓಸ್ಟಿಯಾ ಬಂದರಿನಲ್ಲಿ ಜ್ವರ ಬಂದು ಮಲಗಿದಳು. ಪರದೇಶದಲ್ಲಿ ಸಾಯಬಾರದು ಎಂದು ಇನ್ನೊಬ್ಬ ಮಗ ಹಲುಬಿದಾಗ ಅವನನ್ನು ಗದರಿದಳು. ದೇಹವನ್ನು ಎಲ್ಲಾದರೂ ಇಡಿ, ಬಲಿಪೀಠದ ಮುಂದೆ ನನ್ನನ್ನು ನೆನೆಯಿರಿ ಎಂಬುದಷ್ಟೇ ಅವಳ ಕೋರಿಕೆ. ಕೊನೆಯ ದಿನ ಎಲ್ಲಿಂದ ಎಬ್ಬಿಸಬೇಕು ಎಂಬುದು ದೇವರಿಗೆ ತಿಳಿಯದೇ ಹೋಗುವುದಿಲ್ಲ ಎಂದು ಅವಳಿಗೆ ಖಾತ್ರಿಯಿತ್ತು. ಓಸ್ಟಿಯಾದಲ್ಲೇ ಅವಳನ್ನು ಮಣ್ಣು ಮಾಡಿದರು. 1945ರ ಬೇಸಿಗೆಯಲ್ಲಿ ಅಲ್ಲಿನ ಚರ್ಚಿನ ಪಕ್ಕದಲ್ಲಿ, ಆಟದ ಕಂಬ ನೆಡಲು ಗುಂಡಿ ತೋಡುತ್ತಿದ್ದ ಇಬ್ಬರು ಹುಡುಗರ ಕೈಗೆ ಒಂದು ಅಮೃತಶಿಲೆಯ ಚೂರು ಸಿಕ್ಕಿತು. ಅವಳ ಸಮಾಧಿಯ ಬರಹದ ತುಂಡು ಅದು.